ಕಿವಿಗೊಡುವ ಸೇವೆ

(ಶತಮಾನೋತ್ಸವದ ಅಂಗವಾಗಿ ಕುಟುಂಬಗಳಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಹಿರಿಯರ ಶ್ರಮವನ್ನೂ ತ್ಯಾಗವನ್ನೂ ಸ್ಮರಿಸುವ ಮಾತುಗಳನ್ನು ತಾವು ಸಾಕಷ್ಟು ಕೇಳಿದ್ದೀರಿ. ಕುಟುಂಬಗಳಿಗಾಗಿಯೇ ಕೂಡಿರುವ ಈ ಸಭೆಯಲ್ಲಿ ನಾವು ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಅದು ಆಪ್ತಸಮಾಲೋಚಕರ ವೃತ್ತಿ. ಅಂದರೆ ಮನಸ್ಸು ನೊಂದು ಬಂದವರೊಡನೆ ಕುಳಿತು, ಅವರ ಮಾತಿಗೆ ಕಿವಿಗೊಟ್ಟು, ಅವರು ಮತ್ತೆ ತಮ್ಮ ಕಾಲಮೇಲೆ ನಿಲ್ಲುವಂತೆ ನೆರವಾಗುವ ಕೆಲಸ.

ಈ ವಿಷಯವನ್ನು ಆರಿಸಿಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಮನಶ್ಶಾಸ್ತ್ರವನ್ನು ಓದಿ ಈ ವೃತ್ತಿಗೆ ಸೇರಬೇಕೆಂದು ಬಯಸುವ ಯುವಕ ಯುವತಿಯರು ಈಗ ನಮ್ಮ ಮನೆಗಳಲ್ಲಿಯೂ ಇದ್ದಾರೆ. “ಕುಳಿತು ಮಾತನಾಡುವುದಕ್ಕೂ ಸಂಬಳ ಕೊಡುವವರುಂಟೇ?” ಎಂದು ಅವರ ತಂದೆತಾಯಿಗಳು ಕೇಳುತ್ತಾರೆ. ಇದು ಮೊದಲನೆಯ ಕಾರಣ. ಎರಡನೆಯದು ಇದಕ್ಕಿಂತ ಗಂಭೀರವಾದುದು. ಮನೆಯಲ್ಲೊಬ್ಬರು ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಯಾರೊಡನೆಯೂ ಬೆರೆಯದೆ ಕೊರಗುತ್ತಿದ್ದರೂ ಮನೆಯವರು ಅದನ್ನು ಮುಚ್ಚಿಡುತ್ತಾರೆ. ಕೊನೆಗೆ ಕತ್ತಲಾದ ಮೇಲೆ ಗುರುಗಳ ಮನೆಗೆ ಬಂದು, “ಫಾದರ್, ಪ್ರಾರ್ಥನೆ ಮಾಡಿ, ಯಾರಿಗೂ ತಿಳಿಯಬಾರದು” ಎನ್ನುತ್ತಾರೆ. ಪ್ರಾರ್ಥನೆ ಮಾಡೋಣ, ಜೊತೆಗೆ ಆಪ್ತಸಮಾಲೋಚಕರನ್ನೂ ಕಾಣಿರಿ ಎಂದರೆ, “ನಮ್ಮ ಮಗಳಿಗೆ ಹುಚ್ಚು ಎನ್ನುತ್ತೀರಾ?” ಎಂದು ನೊಂದುಕೊಳ್ಳುತ್ತಾರೆ. ಈ ಭಯವು ನಮ್ಮ ನಡುವೆ ಇರುವವರೆಗೆ ಎಷ್ಟು ಒಳ್ಳೆಯ ಸಮಾಲೋಚಕರು ತಯಾರಾದರೂ ನಮ್ಮ ಜನರಿಗೆ ಉಪಯೋಗವಾಗದು. ಆದುದರಿಂದ ಈ ಕೆಲಸವೆಂದರೇನು, ಯಾವುದು ಅಲ್ಲ ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ವಿಚಾರ ಮಾಡೋಣ.

ಮೊದಲು ಹೆಸರನ್ನೇ ನೋಡೋಣ. ಕನ್ನಡದಲ್ಲಿ ಇದಕ್ಕೆ ಆಪ್ತಸಲಹೆ ಎಂದೂ ಆಪ್ತಸಮಾಲೋಚನೆ ಎಂದೂ ಎರಡು ಹೆಸರುಗಳು ಬಳಕೆಯಲ್ಲಿವೆ. ಎರಡರಲ್ಲಿಯೂ ಆಪ್ತ ಎಂಬ ಮಾತಿದೆ. ಆಪ್ತನೆಂದರೆ ನಂಬಿಕೆಗೆ ಯೋಗ್ಯನಾದವನು. ಆದರೆ ಸಲಹೆ ಎಂಬ ಪದ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಸಲಹೆ ಕೊಡುವವರಿಗೆ ನಮ್ಮಲ್ಲಿ ಯಾವ ಕಾಲದಲ್ಲಿಯೂ ಬರವಿರಲಿಲ್ಲ. ಮದುವೆ ಮುರಿದವಳಿಗೆ, ಪರೀಕ್ಷೆಯಲ್ಲಿ ನಪಾಸಾದವನಿಗೆ, ಸಾಲದಲ್ಲಿ ಸಿಕ್ಕವನಿಗೆ ಬಾಗಿಲಿಗೊಬ್ಬರಂತೆ ಬಂದು ಸಲಹೆ ಹೇಳಿ ಹೋಗುತ್ತಾರೆ. ಕೇಳಿದವನ ಭಾರ ಅದರಿಂದ ಇಳಿಯುವುದಿಲ್ಲ. ಬಂದವರಿಗೆಲ್ಲ ಉತ್ತರ ಹೇಳುವ ಭಾರವೂ ಅದಕ್ಕೆ ಸೇರಿಕೊಳ್ಳುತ್ತದೆ. ಸಮಾಲೋಚನೆ ಎಂದರೆ ಜೊತೆಯಲ್ಲಿ ಆಲೋಚಿಸುವುದು. ಈ ವೃತ್ತಿಯ ನಿಜವಾದ ಅರ್ಥ ಇದರಲ್ಲಿಯೇ ಇದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಕೇಳಬಲ್ಲವನನ್ನೂ ಆ ಗಾದೆಯಲ್ಲಿ ಸೇರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ತಾವೆಲ್ಲರೂ ಯೋಬನ ಕಥೆಯನ್ನು ಬಲ್ಲಿರಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಅವನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ದಿನ ಏಳು ರಾತ್ರಿ ಅವರು ಒಂದು ಮಾತನ್ನೂ ಆಡದೆ ಅವನ ಬಳಿ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ನಿಜವಾದ ಉಪಕಾರವೆಂದರೆ ಅದೇ. ಅನಂತರ ಬಾಯಿ ತೆರೆದರು. ನಿನ್ನ ಪಾಪವೇ ನಿನ್ನ ಕಷ್ಟಕ್ಕೆ ಕಾರಣವೆಂದು ವಾದಿಸತೊಡಗಿದರು. ಅಲ್ಲಿಂದ ಮುಂದೆ ಯೋಬನ ದುಃಖ ಇಮ್ಮಡಿಯಾಯಿತು. ನೊಂದವರ ಬಳಿ ಹೋದಾಗ ನಾವು ಆ ಏಳು ದಿನಗಳ ಗೆಳೆಯರೋ ಅಥವಾ ಎಂಟನೆಯ ದಿನದ ಗೆಳೆಯರೋ ಎಂದು ನಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ಕಿವಿಗೊಡುವುದನ್ನು ಒಂದು ಶಿಸ್ತಾಗಿ ಬೆಳೆಸಿದವರಲ್ಲಿ ಅಮೇರಿಕದ ಕಾರ್ಲ್ ರೋಜರ್ಸ್ ಪ್ರಮುಖರು. ಇವರು 1902ರಲ್ಲಿ ಜನಿಸಿದರು. ಧರ್ಮಬೋಧಕರಾಗಬೇಕೆಂದು ನ್ಯೂಯಾರ್ಕಿನ ಒಂದು ದೈವಶಾಸ್ತ್ರ ವಿದ್ಯಾಲಯವನ್ನು ಸೇರಿ, ಅನಂತರ ಅದನ್ನು ಬಿಟ್ಟು ಮನಶ್ಶಾಸ್ತ್ರದ ಕಡೆಗೆ ತಿರುಗಿದರು. ರಾಚೆಸ್ಟರ್ ಎಂಬ ಪಟ್ಟಣದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಹನ್ನೆರಡು ವರ್ಷ ಕೆಲಸ ಮಾಡಿದರು. ಅಲ್ಲಿ ನಡೆದ ಒಂದು ಪ್ರಸಂಗವನ್ನು ಅವರೇ ಮುಂದೆ ಬರೆದಿದ್ದಾರೆ. ಒಬ್ಬ ತುಂಟ ಹುಡುಗನ ತಾಯಿ ಅವರಲ್ಲಿಗೆ ಬರುತ್ತಿದ್ದಳು. ತಾಯಿ ಮಗುವನ್ನು ದೂರ ಮಾಡಿದ್ದೇ ತೊಂದರೆಯ ಮೂಲವೆಂದು ಇವರು ತೀರ್ಮಾನಿಸಿ, ಎಷ್ಟೋ ಸಲ ಅವಳಿಗೆ ಅದನ್ನು ಮನಗಾಣಿಸಲು ಯತ್ನಿಸಿದರು. ಫಲವಾಗಲಿಲ್ಲ. ಕೊನೆಗೆ ಇಬ್ಬರೂ ಸೋಲನ್ನು ಒಪ್ಪಿಕೊಂಡರು. ಬಾಗಿಲವರೆಗೆ ಹೋದ ಆ ಹೆಂಗಸು ಹಿಂದಿರುಗಿ, ದೊಡ್ಡವರ ಕಷ್ಟವನ್ನೂ ಇಲ್ಲಿ ಕೇಳುವಿರಾ ಎಂದಳು. ಮತ್ತೆ ಬಂದು ಕುಳಿತು, ತನ್ನ ದಾಂಪತ್ಯದ ನಿರಾಶೆಯನ್ನೂ ಒಳಗಿನ ಗೊಂದಲವನ್ನೂ ತೋಡಿಕೊಂಡಳು. ಚಿಕಿತ್ಸೆ ನಿಜವಾಗಿ ಆರಂಭವಾದದ್ದು ಆಗಲೇ; ಮಗನ ಸ್ಥಿತಿಯೂ ಸುಧಾರಿಸಿತು. ಎಲ್ಲಿ ನೋಯುತ್ತಿದೆಯೆಂಬುದು ನೊಂದವರಿಗೇ ತಿಳಿದಿರುತ್ತದೆ ಎಂಬ ಪಾಠವನ್ನು ರೋಜರ್ಸ್ ಇದರಿಂದ ಕಲಿತರು.

1942ರಲ್ಲಿ ಆಪ್ತಸಮಾಲೋಚನೆಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಪ್ರಕಟವಾಯಿತು. ಅದರಲ್ಲಿ ಅವರು ಬಂದವರನ್ನು ರೋಗಿ ಎನ್ನದೆ ಕಕ್ಷಿದಾರ ಎಂಬರ್ಥದ ಕ್ಲೈಂಟ್ ಎಂಬ ಪದದಿಂದ ಕರೆದರು. 1957ರ ಒಂದು ಲೇಖನದಲ್ಲಿ, ಸಮಾಲೋಚಕರಲ್ಲಿ ಇರಲೇಬೇಕಾದ ಗುಣಗಳನ್ನು ವಿವರಿಸಿದರು. ಅವುಗಳಲ್ಲಿ ಮೂರು ಮುಖ್ಯವಾದವು. ಎದುರಿಗಿರುವವರ ಲೋಕವನ್ನು ಅವರ ಕಣ್ಣಿನಿಂದಲೇ ನೋಡುವುದು, ಆದರೆ ಅವರ ದುಃಖದಲ್ಲಿ ತಾನೇ ಮುಳುಗಿಹೋಗದಿರುವುದು ಮೊದಲನೆಯದು. ಬಂದವರು ಎಂಥವರೇ ಆಗಿರಲಿ, ಯಾವ ಷರತ್ತೂ ಇಲ್ಲದೆ ಅವರನ್ನು ಮನುಷ್ಯರೆಂದು ಗೌರವಿಸುವುದು ಎರಡನೆಯದು. ಒಳಗೊಂದು ಹೊರಗೊಂದು ಇಲ್ಲದಂತೆ ಪ್ರಾಮಾಣಿಕವಾಗಿ ನಡೆದುಕೊಳ್ಳುವುದು ಮೂರನೆಯದು. ಕೇಳುವುದಕ್ಕೆ ಇವು ಸುಲಭವಾಗಿ ತೋರಬಹುದು. ಒಂದು ದಿನ ನಮ್ಮ ಮನೆಯಲ್ಲಿ, ನಮ್ಮ ಮಕ್ಕಳೊಡನೆ, ಒಂದು ಗಂಟೆಯ ಹೊತ್ತು ಇವನ್ನು ಪಾಲಿಸಲು ಯತ್ನಿಸಿದರೆ ಇವು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ.

ಇದು ಪರದೇಶದ ವಿದ್ಯೆ, ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ನಾಡು ಈ ವಿದ್ಯೆಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವೊಂದನ್ನು ಸ್ಥಾಪಿಸಿ, ಅದನ್ನು ಆಕಾಶವಾಣಿ ಎಂಬ ಹೆಸರಿನಿಂದ ನಡೆಸಿದವರೂ ಇವರೇ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೊಡನೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಾವೆಲ್ಲರೂ ಬಲ್ಲ ನಿಮ್ಹಾನ್ಸ್ ಆಯಿತು. ಬೆಂಗಳೂರಿನ ಸಮೀಪದ ಸಕಲವಾರದಲ್ಲಿ 1970ರ ದಶಕದಲ್ಲಿಯೂ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿಯೂ ಅಲ್ಲಿನ ತಜ್ಞರು ಹಳ್ಳಿಗಳಿಗೆ ಹೋಗಿ, ಮನಸ್ಸಿನ ಕಾಯಿಲೆಗಳನ್ನು ಗುರುತಿಸಿ ಆರೈಕೆ ಮಾಡುವುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಕಲಿಸಿದರು. ಬಳ್ಳಾರಿಯ ಅನುಭವವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು.

ಪಂಜಾಬಿನ ಅಮೃತಸರದಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಎಂಬ ಮನೋವೈದ್ಯರು ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ಮನೆಯವರೂ ತಂಗುವಂತೆ ಮಾಡಿದರು. ರೋಗಿಗಳು ಬೇಗ ಗುಣವಾದರು. ಮನೆಯವರ ಭಯವೂ ಹೋಯಿತು. ಮನೆಯ ಒಬ್ಬರು ನೊಂದರೆ ಮನೆಯೇ ನೊಂದಂತೆ ಎಂಬ ನಮ್ಮ ದೇಶದ ತಿಳಿವಳಿಕೆಯು ಹೀಗೆ ವೈದ್ಯಶಾಸ್ತ್ರಕ್ಕೆ ಬಂದಿತು. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸರಳ ಕನ್ನಡದಲ್ಲಿ ಈ ವಿಷಯವನ್ನು ಕುರಿತು ಬಹು ಸಂಖ್ಯೆಯ ಪುಸ್ತಕಗಳನ್ನು ಬರೆದರು. ನಿವೃತ್ತರಾದ ಮೇಲೆ ಬೆಂಗಳೂರಿನ ಸಮಾಧಾನ ಆಪ್ತಸಲಹಾ ಕೇಂದ್ರದಲ್ಲಿ ಉಚಿತವಾಗಿ ಜನರ ಕಷ್ಟ ಕೇಳಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಹಾಗಾದರೆ ಸಮಾಲೋಚಕರ ಕೋಣೆಯಲ್ಲಿ ನಡೆಯುವುದೇನು? ಇದನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹೆರಿಗೆಯಾಗಿ ಎರಡು ತಿಂಗಳಾದ ಒಬ್ಬ ಬಾಣಂತಿ. ಮಗು ಮಲಗಿದರೂ ಅವಳಿಗೆ ನಿದ್ರೆಯಿಲ್ಲ. ಸುಮ್ಮಸುಮ್ಮನೆ ಅಳು. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಮನಸ್ಸಿಲ್ಲವೆಂಬುದಕ್ಕಾಗಿ ತನ್ನ ಮೇಲೆಯೇ ಜಿಗುಪ್ಸೆ. “ಮುತ್ತಿನಂಥ ಮಗುವನ್ನು ದೇವರು ಕೊಟ್ಟಿರುವಾಗ ಇವಳಿಗೆ ಇನ್ನೇನು ಬೇಕು?” ಎನ್ನುತ್ತಾರೆ ಅತ್ತೆ. “ದೃಷ್ಟಿ ತಾಗಿರಬೇಕು” ಎನ್ನುತ್ತಾರೆ ನೆರೆಯವರು. ಗಂಡನಿಗೆ ಏನೂ ತೋಚದು.

ಇವಳು ಸಮಾಲೋಚಕಿಯ ಬಳಿಗೆ ಬಂದಳೆನ್ನೋಣ. ಮೊದಲಿಗೆ ಸಮಾಲೋಚಕಿಯು ಕೋಣೆಯ ನಿಯಮವನ್ನು ಹೇಳುತ್ತಾಳೆ: ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಆದರೆ ತನಗಾಗಲಿ ಇನ್ನೊಬ್ಬರಿಗಾಗಲಿ ಪ್ರಾಣಾಪಾಯವಿದೆಯೆಂದು ಕಂಡರೆ ರಕ್ಷಣೆಗೆ ಅಗತ್ಯವಾದವರಿಗೆ ತಿಳಿಸಬೇಕಾಗುತ್ತದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೋಲೀಸರಿಗೆ ವರದಿ ಮಾಡಲೇಬೇಕೆಂದು 2012ರ ಪೋಕ್ಸೋ ಕಾಯಿದೆ ಹೇಳುತ್ತದೆ. ಇಂಥ ಮಿತಿಗಳನ್ನು ಮೊದಲೇ ತಿಳಿಸುವುದು ಪ್ರಾಮಾಣಿಕತೆಯ ಲಕ್ಷಣ. ಅನಂತರ ನಿದ್ರೆ, ಹಸಿವು, ಆಯಾಸ, ಹಿಂದೆ ಎಂದಾದರೂ ಹೀಗಾಗಿತ್ತೇ, ಮನೆಯಲ್ಲಿ ನೆರವಿಗೆ ಯಾರಿದ್ದಾರೆ ಎಂಬುದನ್ನೆಲ್ಲ ನಿಧಾನವಾಗಿ ಕೇಳುತ್ತಾಳೆ. ರಕ್ತಹೀನತೆ, ಥೈರಾಯ್ಡ್ ಮೊದಲಾದ ದೇಹದ ತೊಂದರೆಗಳಿಂದಲೂ ಮನಸ್ಸು ಕುಗ್ಗುವುದುಂಟು. ಆದುದರಿಂದ ವೈದ್ಯರ ಪರೀಕ್ಷೆಯನ್ನೂ ಮಾಡಿಸುತ್ತಾಳೆ. ಬದುಕು ಸಾಕೆನಿಸುತ್ತಿದೆಯೇ, ಮಗುವಿಗೆ ಏನಾದರೂ ಮಾಡಿಬಿಡುವೆನೆಂಬ ಭಯ ಬರುತ್ತಿದೆಯೇ ಎಂಬುದನ್ನೂ ನೇರವಾಗಿ ಕೇಳುತ್ತಾಳೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಅನೇಕರು ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ. ಪ್ರೀತಿಯಿಂದ ಕೇಳಿದಾಗ, ಒಳಗೇ ಹೊತ್ತುಕೊಂಡಿದ್ದ ಭಾರವನ್ನು ಹೇಳಲು ದಾರಿಯಾಗುತ್ತದೆ.

ಅಪಾಯವಿದೆಯೆಂದು ಕಂಡರೆ ತಡಮಾಡದೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾಳೆ. ಇಲ್ಲವಾದರೆ ವಾರಕ್ಕೊಮ್ಮೆ ಸುಮಾರು ಮುಕ್ಕಾಲು ಗಂಟೆಯಂತೆ ಕೆಲವು ವಾರಗಳ ಕಾಲ ಭೇಟಿಗಳು ನಡೆಯುತ್ತವೆ. “ನಾನು ಕೆಟ್ಟ ತಾಯಿ” ಎಂಬ ಅವಳ ಮಾತನ್ನು ಸಮಾಲೋಚಕಿಯು ಖಂಡಿಸುವುದಿಲ್ಲ. ಹಾಗೆಂದು ಒಪ್ಪಿಕೊಳ್ಳುವುದೂ ಇಲ್ಲ. ಆ ಯೋಚನೆ ಯಾವಾಗ ಬರುತ್ತದೆ, ಅದಕ್ಕೆ ಆಧಾರವೇನು, ಅದಕ್ಕೆ ವಿರುದ್ಧವಾದ ಸಂಗತಿಗಳಿವೆಯೇ ಎಂದು ಇಬ್ಬರೂ ಕೂಡಿ ಪರಿಶೀಲಿಸುತ್ತಾರೆ. ಯೋಚನೆಗಳನ್ನು ಹೀಗೆ ಶೋಧಿಸುವ ಕ್ರಮವನ್ನು 1960ರ ದಶಕದಲ್ಲಿ ರೂಪಿಸಿದವರು ಅಮೇರಿಕದ ಮನೋವೈದ್ಯ ಆರನ್ ಬೆಕ್; ಅವರು ನೂರು ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ಅವಳ ಒಪ್ಪಿಗೆ ಪಡೆದು ಗಂಡನನ್ನೂ ಅತ್ತೆಯನ್ನೂ ಒಂದು ದಿನ ಕರೆಸುತ್ತಾರೆ. ಇದು ಸೋಮಾರಿತನವಲ್ಲ, ದುರ್ಗುಣವಲ್ಲ, ಹೆರಿಗೆಯ ನಂತರ ಅನೇಕ ತಾಯಂದಿರಿಗೆ ಬರುವ ಖಿನ್ನತೆ, ಇದು ಗುಣವಾಗುತ್ತದೆ ಎಂದು ವಿವರಿಸುತ್ತಾರೆ. ರಾತ್ರಿಯ ಹೊತ್ತು ಮಗುವನ್ನು ನೋಡಿಕೊಳ್ಳುವುದನ್ನು ಹಂಚಿಕೊಳ್ಳಲು ಏರ್ಪಾಡು ಮಾಡುತ್ತಾರೆ. ಇಲ್ಲಿ ಪವಾಡವೇನೂ ನಡೆಯಲಿಲ್ಲ. ತರಬೇತಿ ಪಡೆದ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರು, ಉತ್ತರಕ್ಕೆ ಕಾದರು, ಯಾರಿಗೆ ಯಾವುದನ್ನು ಒಪ್ಪಿಸಬೇಕೋ ಒಪ್ಪಿಸಿದರು.

“ನಮಗೆ ಪಾಪನಿವೇದನೆಯಿದೆಯಲ್ಲ, ಇದೇಕೆ?” ಎಂಬ ಪ್ರಶ್ನೆಗೂ ಉತ್ತರ ಹೇಳುವುದು ನಮ್ಮ ಕರ್ತವ್ಯ. ಇವೆರಡೂ ಹೊರನೋಟಕ್ಕೆ ಒಂದೇ ರೀತಿ ಕಂಡರೂ ಬೇರೆ ಬೇರೆ. ಪಾಪನಿವೇದನೆಯ ಪೀಠದಲ್ಲಿ ನಾವು ಪಾಪವನ್ನು ಒಪ್ಪಿಕೊಂಡು ದೇವರ ಕ್ಷಮೆಯನ್ನು ಪಡೆಯುತ್ತೇವೆ. ಅಲ್ಲಿನ ಗುಟ್ಟಿಗೆ ಯಾವ ವಿನಾಯಿತಿಯೂ ಇಲ್ಲ. ಅದನ್ನು ಮುರಿದ ಗುರುವಿಗೆ ಕಠಿಣ ಶಿಕ್ಷೆಯನ್ನು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯೇ ವಿಧಿಸಿದೆ. ಸಮಾಲೋಚಕರಿಗೆ ಪಾಪವನ್ನು ಕ್ಷಮಿಸುವ ಅಧಿಕಾರವಿಲ್ಲ. ಹಾಗೆಯೇ ಗುರುವಾದ ಮಾತ್ರಕ್ಕೆ ಖಿನ್ನತೆಗೆ ಚಿಕಿತ್ಸೆ ಮಾಡುವ ವಿದ್ಯೆ ಬರುವುದಿಲ್ಲ. ಬಾಣಂತಿಯ ಅಳು ಪಾಪವಲ್ಲ; ಅದಕ್ಕೆ ಕ್ಷಮೆಯ ಅಗತ್ಯವಿಲ್ಲ, ಆರೈಕೆಯ ಅಗತ್ಯವಿದೆ. ಪಾಪವಲ್ಲದ್ದನ್ನು ಪಾಪವೆಂದು ಭಾವಿಸಿ ಮತ್ತೆ ಮತ್ತೆ ನಿವೇದಿಸಿಕೊಂಡು ಶಾಂತಿ ಕಾಣದೆ ಹಿಂದಿರುಗುವವರನ್ನು ಕಂಡಾಗ, ಅವರನ್ನು ಯೋಗ್ಯ ಸಮಾಲೋಚಕರ ಬಳಿಗೆ ಕಳುಹಿಸುವುದೂ ಗುರುಸೇವೆಯ ಒಂದು ಭಾಗವೇ ಆಗಿದೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಪಾತ್ರವನ್ನು ಕುರಿತ ತನ್ನ ದಾಖಲೆಯಲ್ಲಿ, ವಿಶ್ವಾಸಿಗಳ ಪಾಲನೆಗೆ ದೈವಶಾಸ್ತ್ರವಲ್ಲದೆ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳ ತಿಳಿವಳಿಕೆಯನ್ನೂ ಬಳಸಿಕೊಳ್ಳಬೇಕೆಂದು ಸ್ಪಷ್ಟವಾಗಿ ತಿಳಿಸಿದೆ.

ವಿಶ್ವಾಸ ಗಟ್ಟಿಯಾಗಿದ್ದರೆ ಮನಸ್ಸು ಕುಗ್ಗುವುದಿಲ್ಲ ಎಂಬ ಮಾತೂ ನಮ್ಮಲ್ಲಿದೆ. ಎಲೀಯನಿಗಿಂತ ಹೆಚ್ಚಿನ ವಿಶ್ವಾಸಿ ನಮ್ಮಲ್ಲಿ ಯಾರಿದ್ದಾರೆ? ಕಾರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯವನ್ನು ಪಡೆದ ಆ ಪ್ರವಾದಿಯು ಕೆಲವೇ ದಿನಗಳಲ್ಲಿ ಅಡವಿಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡಿದನು. ದೇವರು ಅವನನ್ನು ಗದರಿಸಲಿಲ್ಲ. ಮೊದಲು ನಿದ್ರೆ ಕೊಟ್ಟರು. ಅನಂತರ ದೂತನ ಕೈಯಿಂದ ರೊಟ್ಟಿಯನ್ನೂ ನೀರನ್ನೂ ಕೊಡಿಸಿದರು. ಮತ್ತೆ ನಿದ್ರೆ, ಮತ್ತೆ ಊಟ. ಆಮೇಲೆಯೇ ಮುಂದಿನ ದಾರಿಯ ಮಾತು. ನೊಂದವರೊಡನೆ ನಡೆದುಕೊಳ್ಳುವ ಕ್ರಮ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಗುವುದು?

ಇಲ್ಲಿ ಒಂದು ನೋವಿನ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸರಕಾರದ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮರಣ ಹೊಂದಿದರು. ಒಂದು ಕಾಲದಲ್ಲಿ ರಾಜ್ಯವೂ ಧರ್ಮಸಭೆಯೂ ಇಂಥವರನ್ನು ಶಿಕ್ಷೆಯ ದೃಷ್ಟಿಯಿಂದಲೇ ನೋಡುತ್ತಿದ್ದವು. 1860ರ ಭಾರತೀಯ ದಂಡಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನ ಅಪರಾಧವಾಗಿತ್ತು. 1917ರ ಧರ್ಮಸಭೆಯ ಕಾನೂನುಸಂಹಿತೆಯು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ತೀವ್ರ ಮಾನಸಿಕ ಕ್ಷೋಭೆಯು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದೆಂದೂ, ಅಂಥವರ ಆತ್ಮರಕ್ಷಣೆಯ ವಿಷಯದಲ್ಲಿ ನಾವು ನಿರಾಶರಾಗಬಾರದೆಂದೂ ಬೋಧಿಸುತ್ತದೆ. ರಾಜ್ಯವೂ ಇದೇ ದಾರಿಯಲ್ಲಿ ನಡೆಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ನೀಡಬೇಕೆಂದು ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಆ ಸಾಮಾನ್ಯ ವಿಧಿ ಉಳಿಯಲಿಲ್ಲ. ಕಾನೂನುಗಳು ಮೃದುವಾದವು. ನಮ್ಮ ನಾಲಗೆಗಳು ಮೃದುವಾದವೇ? ಅಂಥ ಮನೆಯ ಮುಂದೆ ಹಾದುಹೋಗುವಾಗ ನಾವು ಆಡಿಕೊಳ್ಳುವ ಮಾತು ಆ ಮನೆಯವರಿಗೆ ಎರಡನೆಯ ಸಾವಾಗುತ್ತದೆ.

ಈಗ ಈ ವೃತ್ತಿಯನ್ನು ಬಯಸುವ ಯುವಜನರಿಗೂ ಅವರ ತಂದೆತಾಯಿಗಳಿಗೂ ಕೆಲವು ಮಾತುಗಳು. ಇದಕ್ಕೆ ಕರುಣೆಯ ಹೃದಯವೊಂದೇ ಸಾಲದು. ಬಿ.ಎ. ಅಥವಾ ಬಿ.ಎಸ್‌ಸಿ. ಆದ ಮೇಲೆ ಮನಶ್ಶಾಸ್ತ್ರದಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗ, ಅದರೊಡನೆ ಅನುಭವಿಗಳ ಕೈಕೆಳಗೆ ತರಬೇತಿ ಬೇಕು. ತೀವ್ರವಾದ ಮಾನಸಿಕ ರೋಗಗಳನ್ನು ನೋಡುವ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು, 1992ರ ಕಾಯಿದೆಯಂತೆ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಪಡೆದಿರಬೇಕು. ಔಷಧಿ ಬರೆದುಕೊಡುವವರು ವೈದ್ಯಪದವಿ ಪಡೆದ ಮನೋವೈದ್ಯರು. ಸಮಾಲೋಚಕರು ಔಷಧಿ ಕೊಡುವಂತಿಲ್ಲ. ತನ್ನ ಎಲ್ಲೆ ಯಾವುದು, ಯಾರನ್ನು ಯಾವಾಗ ಯಾರಲ್ಲಿಗೆ ಕಳುಹಿಸಬೇಕು ಎಂಬುದನ್ನು ಅರಿಯದ ಸಮಾಲೋಚಕನಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಶಾಲಾ ಕಾಲೇಜುಗಳಲ್ಲಿ, ಆಸ್ಪತ್ರೆಗಳಲ್ಲಿ, ಎಚ್.ಐ.ವಿ. ಪರೀಕ್ಷಾ ಕೇಂದ್ರಗಳಲ್ಲಿ, 1984ರ ಕಾಯಿದೆಯ ಮೇರೆಗೆ ಸ್ಥಾಪಿತವಾದ ಕುಟುಂಬ ನ್ಯಾಯಾಲಯಗಳಲ್ಲಿ ಇವರಿಗೆ ಕೆಲಸವಿದೆ. ಆರಂಭದಲ್ಲಿ ಸಂಬಳ ಸಾಧಾರಣವೇ ಇರಬಹುದು.

ಈ ಕೆಲಸದ ಆಯಾಸವೂ ಬೇರೆ ಬಗೆಯದು. ಹೊಲದಲ್ಲಿ ದುಡಿದವನ ಮೈ ನೋಯುತ್ತದೆ, ಮಲಗಿದರೆ ಇಳಿಯುತ್ತದೆ. ದಿನಕ್ಕೆ ಐದಾರು ಮಂದಿಯ ಕಣ್ಣೀರನ್ನು ಕಂಡವರಿಗೆ ಅದು ಮಲಗುವಲ್ಲಿಗೂ ಬೆನ್ನುಹತ್ತಿ ಬರುತ್ತದೆ. ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ವೃತ್ತಿಯ ಗುಟ್ಟು ಬಾಯಿ ಕಟ್ಟುತ್ತದೆ. ಇದಕ್ಕಾಗಿಯೇ ಒಳ್ಳೆಯ ಸಮಾಲೋಚಕರು ಹಿರಿಯ ಸಮಾಲೋಚಕರೊಬ್ಬರ ಬಳಿಗೆ ನಿಯಮಿತವಾಗಿ ಹೋಗಿ, ಬಂದವರ ಗುರುತನ್ನು ಬಿಟ್ಟುಕೊಡದೆ, ತಮ್ಮ ಕೆಲಸವನ್ನು ಪರಿಶೀಲಿಸಿಕೊಳ್ಳುತ್ತಾರೆ. ನೆಂಟರಿಷ್ಟರಿಗೆ ಅವರು ಸಮಾಲೋಚನೆ ನಡೆಸುವುದಿಲ್ಲ. ಬಂದವರಿಂದ ಬೆಲೆಬಾಳುವ ಉಡುಗೊರೆ ತೆಗೆದುಕೊಳ್ಳುವುದಿಲ್ಲ. ಬಂದವರು ಸದಾ ತಮ್ಮನ್ನೇ ನೆಚ್ಚಿಕೊಂಡಿರಲೆಂದು ಬಯಸುವುದಿಲ್ಲ. ಇನ್ನು ಬರಬೇಕಾಗಿಲ್ಲ ಎಂಬ ದಿನವೇ ಅವರ ಕೆಲಸದ ಫಲ. ನಮ್ಮ ಯುವಜನರೇ, ಇನ್ನೊಬ್ಬರ ಗುಟ್ಟು ತಿಳಿಯುವ ಕುತೂಹಲದಿಂದ ಈ ವೃತ್ತಿಗೆ ಬರಬೇಡಿರಿ. ತಂದೆತಾಯಿಗಳೇ, ನಿಮ್ಮ ಮಗನೋ ಮಗಳೋ ತಾಳ್ಮೆಯುಳ್ಳವರಾಗಿ, ಗುಟ್ಟು ಕಾಪಾಡಬಲ್ಲವರಾಗಿ, ಇದನ್ನು ಬಯಸಿದರೆ ತಡೆಯಬೇಡಿರಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದುದು ಕಂಡುಬಂದಿತು. ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92ರವರೆಗೆ ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ಬೆಳೆ ಹೇರಳವಾಗಿದೆ, ಕೊಯ್ಲುಗಾರರು ವಿರಳ.

ಕೊನೆಯದಾಗಿ, ಧರ್ಮಕೇಂದ್ರವಾಗಿ ನಾವು ಮಾಡಬಹುದಾದ ನಾಲ್ಕು ಕೆಲಸಗಳಿವೆ. ಹುಚ್ಚು ಎಂಬ ಪದವನ್ನು ನಮ್ಮ ಬಾಯಿಂದ ತೆಗೆದುಹಾಕೋಣ. ಹೆಣ್ಣುಗಂಡು ನೋಡುವಾಗ, ಯಾರೋ ಹಿಂದೊಮ್ಮೆ ಸಮಾಲೋಚಕರನ್ನು ಕಂಡಿದ್ದರೆಂಬುದನ್ನು ದೋಷವೆಂದು ಎಣಿಸದಿರೋಣ. ಎರಡು ವಾರ ಮೀರಿ ಒಬ್ಬರು ನಿದ್ರೆ, ಊಟ, ಕೆಲಸಗಳಲ್ಲಿ ಆಸಕ್ತಿ ಕಳೆದುಕೊಂಡಿದ್ದರೆ ಉಪದೇಶ ಮಾಡದೆ ಪಕ್ಕದಲ್ಲಿ ಕುಳಿತು ಕೇಳೋಣ. ಯೋಗ್ಯ ಸಮಾಲೋಚಕರ ಬಳಿಗೆ ಜೊತೆಯಲ್ಲಿ ಹೋಗೋಣ. ಹೋಗುವ ಮೊದಲು ಅವರ ವ್ಯಾಸಂಗವೇನು, ತರಬೇತಿಯೇನು ಎಂದು ಕೇಳುವ ಹಕ್ಕು ನಮಗಿದೆ. ಖಂಡಿತ ಗುಣಪಡಿಸುತ್ತೇವೆಂದು ಭರವಸೆ ಮಾರುವವರಿಂದ ದೂರವಿರೋಣ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ 14416 ಎಂಬ ಸಂಖ್ಯೆಗೆ ಫೋನು ಮಾಡೋಣ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮನಸ್ ಸೇವೆ ಇದು. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಕಷ್ಟ ಹೇಳಿಕೊಳ್ಳಬಹುದು. ಈ ಸಂಖ್ಯೆಯನ್ನು ತಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಇಂದೇ ಬರೆದಿಟ್ಟುಕೊಳ್ಳಿರಿ.

ಪ್ರಿಯರೇ, ನಮ್ಮ ಹಿರಿಯರು ನೂರು ವರ್ಷಗಳ ಹಿಂದೆ ಕಲ್ಲುಮಣ್ಣು ಹೊತ್ತು ಈ ದೇವಾಲಯವನ್ನು ಕಟ್ಟಿದರು. ಮುಂದಿನವರು ನಮ್ಮ ಕಾಲವನ್ನು ನೆನೆದಾಗ, ಇಲ್ಲಿ ನೊಂದವರು ಹೆದರಿಕೆಯಿಲ್ಲದೆ ಬಾಯಿಬಿಟ್ಟು ಹೇಳಿಕೊಳ್ಳಬಹುದಾಗಿತ್ತು ಎಂದು ಅವರು ಹೇಳುವಂತಾಗಲಿ. ತಾವು ಇಷ್ಟು ಹೊತ್ತು ತಾಳ್ಮೆಯಿಂದ ಕಿವಿಗೊಟ್ಟಿರಿ. ಈ ರಾತ್ರಿ ಮನೆಗೆ ಹೋದ ಮೇಲೆ ಅದೇ ತಾಳ್ಮೆಯಿಂದ ಮನೆಯವರೊಬ್ಬರ ಮಾತಿಗೆ, ನಡುವೆ ಬಾಯಿ ಹಾಕದೆ, ಕಿವಿಗೊಡಿರಿ ಎಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ. ದೇವರು ತಮ್ಮೆಲ್ಲರನ್ನೂ ತಮ್ಮ ಕುಟುಂಬಗಳನ್ನೂ ಹರಸಲಿ.